ಓದುಗರ ಪ್ರಶ್ನೆಗೆ ತಜ್ಞರ ಉತ್ತರ: ಷರತ್ತಿಗೆ ತಕ್ಕಂತೆ ಚಾರ್ಟ್ ಹಿನ್ನೆಲೆ ಬಣ್ಣ

(ಕಮಾಂಡ್‌ಗಳ ಹೆಸರನ್ನು ಇಲ್ಲಿ ಕನ್ನಡದಲ್ಲಿ ಬರೆದಿದ್ದೇವೆ. ಎಡಿಟರ್‌ನಲ್ಲಿ ಅವನ್ನು ಇಂಗ್ಲಿಷ್‌ನಲ್ಲೇ ಟೈಪ್ ಮಾಡಬೇಕು. ಟ್ರೇಡಿಂಗ್‌ವ್ಯೂ ಚಾರ್ಟ್‌ಗೆ ಕೋಡ್ ಬರೆಯುವ ಭಾಷೆಯಾದ ಪೈನ್ ಸ್ಕ್ರಿಪ್ಟ್‌ಗೆ ದೊಡ್ಡಕ್ಷರ, ಸಣ್ಣಕ್ಷರ ಬೇರೆ ಬೇರೆ.)

ಪ್ರಶ್ನೆ: ಟ್ರೇಡಿಂಗ್‌ವ್ಯೂನಲ್ಲಿ ನಿಫ್ಟಿಯ 15 ನಿಮಿಷದ ಚಾರ್ಟ್ ನೋಡುತ್ತೇನೆ. 9 ಇಎಂಎ (ಇತ್ತೀಚಿನ ಬೆಲೆಗೆ ಹೆಚ್ಚು ತೂಕ ಕೊಡುವ ಸರಾಸರಿ ಗೆರೆ), 21 ಇಎಂಎಗಿಂತ ಮೇಲಿದ್ದರೆ ಹಿನ್ನೆಲೆ ಹಸಿರು, ಕೆಳಗಿದ್ದರೆ ಕೆಂಪು ಆಗಬೇಕು. ಇಫ್ (ಷರತ್ತಿನ ಕಮಾಂಡ್) ಒಳಗೆ ಹಿನ್ನೆಲೆಗೆ ಬಣ್ಣ ಹಾಕುವ ಬಿಜಿಕಲರ್ ಬರೆದರೆ ಎರರ್ ಬರುತ್ತದೆ. ಹೊರಗೆ ತಂದರೆ ಒಂದೇ ಕ್ಯಾಂಡಲ್‌ಗೆ (ಒಂದು ಅವಧಿಯ ಬೆಲೆ ತೋರಿಸುವ ಕಡ್ಡಿ, ಅಂದರೆ ಬಾರ್‌ಗೆ) ಬಣ್ಣ ಬೀಳುತ್ತದೆ. ಮಾರ್ಕೆಟ್ ನಡೆಯುವಾಗ ಅದೂ ಬಂದು ಬಂದು ಹೋಗುತ್ತದೆ.

ಉತ್ತರ: ಇವು ಮೂರು ಬೇರೆ ಬೇರೆ ತೊಂದರೆಗಳು.

ಬಿಜಿಕಲರ್ ಅನ್ನು ಇಫ್ ಒಳಗಾಗಲಿ, ನೀವೇ ಬರೆದ ಫಂಕ್ಷನ್ ಒಳಗಾಗಲಿ ಕರೆಯುವಂತಿಲ್ಲ. ಬಣ್ಣ ಯಾವುದೆಂದು ಮೊದಲು ಒಂದು ವೇರಿಯಬಲ್‌ನಲ್ಲಿ ತೀರ್ಮಾನಿಸಿ, ಕೊನೆಯ ಸಾಲಿನಲ್ಲಿ ಅದನ್ನು ಬಿಜಿಕಲರ್‌ಗೆ ಕೊಡಿ: ಏರಿಕೆ ಇದ್ದರೆ ಹಸಿರು, ಇಳಿಕೆ ಇದ್ದರೆ ಕೆಂಪು, ಎರಡೂ ಅಲ್ಲದಿದ್ದರೆ ಎನ್‌ಎ. ಬಣ್ಣ ಬೇಡದ ಕಡೆ ಬಿಳಿ ಕೊಡಬೇಡಿ; ಡಾರ್ಕ್ ಥೀಮ್‌ನಲ್ಲಿ ಅದು ಪಟ್ಟಿ ಪಟ್ಟಿಯಾಗಿ ಎದ್ದು ಕಾಣುತ್ತದೆ. ಎನ್‌ಎ ಎಂದರೆ ಏನನ್ನೂ ಬಳಿಯಬೇಡ ಎಂದೇ ಅರ್ಥ.

ಹಸಿರಿಗೆ ಕಲರ್.ನ್ಯೂ(ಕಲರ್.ಗ್ರೀನ್, 85) ಎಂದು ಬರೆಯಿರಿ. 0 ಅಂದರೆ ಗಾಢ, 100 ಅಂದರೆ ಪೂರ್ತಿ ಪಾರದರ್ಶಕ. 80ಕ್ಕಿಂತ ಕಡಿಮೆ ಇಟ್ಟರೆ ಕ್ಯಾಂಡಲ್‌ಗಳನ್ನು ಓದುವುದು ಕಷ್ಟ. ಹಳೆಯ ಸ್ಕ್ರಿಪ್ಟ್‌ಗಳಲ್ಲಿ ಕಾಣುವ ಟ್ರಾನ್ಸ್‌ಪ್ ಎಂಬ ಆರ್ಗ್ಯುಮೆಂಟ್ 5ನೇ ಆವೃತ್ತಿಯಿಂದ ಇಲ್ಲ.

ಇನ್ನು ಒಂದೇ ಕ್ಯಾಂಡಲ್‌ನ ವಿಷಯ. ನೀವು ಟಿಎ.ಕ್ರಾಸ್‌ಓವರ್ ಬಳಸಿರಬೇಕು. ಗೆರೆ ದಾಟಿದ ಆ ಒಂದು ಬಾರ್‌ನಲ್ಲಿ ಮಾತ್ರ ಅದು ನಿಜ, ಮುಂದಿನದರಲ್ಲಿ ಸುಳ್ಳು. ನಿಮಗೆ ಬೇಕಿರುವುದು ದಾಟಿದ ಗಳಿಗೆಯಲ್ಲ, ದಾಟಿದ ಮೇಲಿನ ಸ್ಥಿತಿ. ಎರಡು ಇಎಂಎಗಳನ್ನು ನೇರವಾಗಿ ಹೋಲಿಸಿದರೆ ಸಾಕು.

ಶುರುವಾಗುವ ಷರತ್ತು ಒಂದು, ಮುಗಿಯುವ ಷರತ್ತು ಇನ್ನೊಂದು ಆಗಿದ್ದರೆ (ಬೆಲೆಯ ಬಲ ಅಳೆಯುವ ಆರ್‌ಎಸ್‌ಐ ಸೂಚಕ 60 ದಾಟಿದಾಗ ಹಸಿರು ಶುರು, 40ರ ಕೆಳಗಿಳಿದಾಗ ಬಂದ್ ಎನ್ನುವಂತೆ) ಹೋಲಿಕೆ ಸಾಲದು. ವಾರ್ ಎಂಬ ಪದ ಹಾಕಿ ಸ್ಥಿತಿಯ ವೇರಿಯಬಲ್ ಒಂದನ್ನು ಘೋಷಿಸಿ. ವಾರ್ ಇಲ್ಲದಿದ್ದರೆ ಪ್ರತಿ ಬಾರ್‌ಗೂ ಅದು ಮೊದಲಿನ ಮೌಲ್ಯಕ್ಕೆ ಮರಳುತ್ತದೆ. ಇಫ್ ಒಳಗೆ ಅದನ್ನು ಬದಲಿಸುವಾಗ ಬರಿ ಸಮ ಚಿಹ್ನೆ (=) ಅಲ್ಲ, ಕೋಲನ್ ಸಮೇತ (:=) ಬೇಕು. ಬರಿ ಸಮ ಹಾಕಿದರೆ ಅದೇ ಹೆಸರಿನ ಹೊಸ ವೇರಿಯಬಲ್ ಇಫ್ ಒಳಗೇ ಹುಟ್ಟಿ ಅಲ್ಲೇ ಸಾಯುತ್ತದೆ, ಹೊರಗಿನದು ಹಾಗೇ ಇರುತ್ತದೆ. ಬಣ್ಣ ಬರುತ್ತಲೇ ಇಲ್ಲ ಎನ್ನುವವರು ಮೊದಲು ನೋಡಬೇಕಾದ ಜಾಗ ಇದು. ಆರ್‌ಎಸ್‌ಐ, ಇಎಂಎ ಲೆಕ್ಕಗಳನ್ನು ಇಫ್‌ನ ಹೊರಗೇ ಮಾಡಿಡಿ. ಅವು ಪ್ರತಿ ಬಾರ್‌ನಲ್ಲೂ ಓಡದಿದ್ದರೆ ಅಂಕಿಗಳೇ ತಪ್ಪುತ್ತವೆ.

ಮಿನುಗುವುದಕ್ಕೆ ಕಾರಣ, ನಡೆಯುತ್ತಿರುವ ಕ್ಯಾಂಡಲ್‌ನಲ್ಲಿ ಬೆಲೆ ಬದಲಾದಾಗಲೆಲ್ಲ ಸ್ಕ್ರಿಪ್ಟ್ ಮತ್ತೆ ಲೆಕ್ಕ ಹಾಕುವುದು. ಇಎಂಎ ಹೋಲಿಕೆಗೂ ಹೀಗೇ ವಾರ್ ಹಾಕಿದ ಸ್ಥಿತಿಯ ವೇರಿಯಬಲ್ ಇಟ್ಟು, ಅದನ್ನು ಬದಲಿಸುವ ಇಫ್‌ಗೆ ಬಾರ್‌ಸ್ಟೇಟ್.ಈಸ್‌ಕನ್ಫರ್ಮ್ಡ್ (ಕ್ಯಾಂಡಲ್ ಮುಗಿದಿದೆಯೇ ಎಂಬ ಷರತ್ತು) ಸೇರಿಸಿ. ಆಗ ಕ್ಯಾಂಡಲ್ ಮುಗಿಯುವವರೆಗೂ ಹಳೆಯ ಬಣ್ಣವೇ ನಿಲ್ಲುತ್ತದೆ. ಇದನ್ನೇ ನೇರವಾಗಿ ಬಣ್ಣದ ಷರತ್ತಿಗೆ ಸೇರಿಸಿದರೆ ನಡೆಯುತ್ತಿರುವ ಕ್ಯಾಂಡಲ್ ಖಾಲಿಯಾಗಿ ಉಳಿಯುತ್ತದೆ.

ಇಷ್ಟಾದರೂ ಹಿಂದಿನ ಚಾರ್ಟ್ ನೋಡಿ ಮೋಸ ಹೋಗಬೇಡಿ. 10:15ರ ಕ್ಯಾಂಡಲ್ ಹಸಿರಾಗಿದ್ದರೆ, ಅದು ಹಸಿರೆಂದು ಖಚಿತವಾದದ್ದು 10:30ಕ್ಕೆ. ಬಿಜಿಕಲರ್‌ಗೆ ಆಫ್‌ಸೆಟ್ 1 ಕೊಟ್ಟರೆ ಬಣ್ಣ ಒಂದು ಬಾರ್ ಬಲಕ್ಕೆ ಸರಿಯುತ್ತದೆ. ನಿಜಕ್ಕೂ ಆರ್ಡರ್ ಹಾಕಬಹುದಾಗಿದ್ದ ಜಾಗ ಆಗ ಕಾಣುತ್ತದೆ.

ಪ್ರಶ್ನೆ: ಬೆಳಗಿನ 9:15ರಿಂದ 10 ಗಂಟೆವರೆಗೆ ಮಾತ್ರ ಬೂದು ಬಣ್ಣ ಬೇಕು.

ಉತ್ತರ: ಟೈಮ್ ಫಂಕ್ಷನ್‌ಗೆ ಚಾರ್ಟ್‌ನ ಟೈಮ್‌ಫ್ರೇಮ್, "0915-1000" ಎಂಬ ಸೆಷನ್, ಏಷ್ಯಾ/ಕೋಲ್ಕತಾ ಎಂಬ ಕಾಲವಲಯ ಕೊಡಿ. ಆ ಅವಧಿಯ ಹೊರಗೆ ಅದು ಎನ್‌ಎ ಕೊಡುತ್ತದೆ; ಎನ್‌ಎ ಅಲ್ಲದಿದ್ದಾಗ ಬಣ್ಣ ಹಾಕಿ. ಲೆಕ್ಕಕ್ಕೆ ಬರುವುದು ಕ್ಯಾಂಡಲ್ ಶುರುವಾದ ಸಮಯ. 15 ನಿಮಿಷದ ಚಾರ್ಟ್‌ನಲ್ಲಿ 9:15, 9:30, 9:45ರ ಮೂರು ಕ್ಯಾಂಡಲ್‌ಗಳಿಗೆ ಬಣ್ಣ ಬರುತ್ತದೆ, 10:00ರದ್ದಕ್ಕೆ ಇಲ್ಲ. ಒಂದು ಗಂಟೆಯ ಚಾರ್ಟ್‌ನಲ್ಲಿ ಮೊದಲ ಕ್ಯಾಂಡಲ್ 10:15ರವರೆಗೆ ಇರುವುದರಿಂದ ಬೂದು ಅಲ್ಲಿಯವರೆಗೂ ಹಬ್ಬುತ್ತದೆ. ದಿನದ ಚಾರ್ಟ್‌ನಲ್ಲಿ ಇದಕ್ಕೆ ಅರ್ಥವಿಲ್ಲ, ಟೈಮ್‌ಫ್ರೇಮ್.ಈಸ್‌ಇಂಟ್ರಾಡೇ ಎಂಬ ಷರತ್ತನ್ನೂ ಸೇರಿಸಿ. ಬಣ್ಣ ಕೆಳಗಿನ ಬೇರೆ ಪೇನ್‌ನಲ್ಲಿ ಬಂದರೆ ಮೊದಲ ಸಾಲಿನ ಇಂಡಿಕೇಟರ್ ಘೋಷಣೆಯಲ್ಲಿ ಓವರ್‌ಲೇ ಅನ್ನು ಟ್ರೂ ಮಾಡಿ.

ಪ್ರಶ್ನೆ: ಅಮಿಬ್ರೋಕರ್ ಎಂಬ ಇನ್ನೊಂದು ಚಾರ್ಟ್ ಸಾಫ್ಟ್‌ವೇರ್‌ನಲ್ಲಿ ಸೆಟ್‌ಚಾರ್ಟ್‌ಬಿಕೆಕಲರ್ ಹಾಕಿದರೆ ಚಾರ್ಟ್ ಪೂರ್ತಿ ಒಂದೇ ಬಣ್ಣವಾಗುತ್ತದೆ, ಏಕೆ?

ಉತ್ತರ: ಅದರ ಕೆಲಸವೇ ಅದು. ಬಾರ್‌ವಾರು ಬಣ್ಣಕ್ಕೆ ಪ್ಲಾಟ್ ಬಳಸಿ: ಮೌಲ್ಯ 1, ಬಣ್ಣಕ್ಕೆ ಐಐಫ್ ಷರತ್ತು, ಶೈಲಿಗೆ ಸ್ಟೈಲ್‌ಏರಿಯಾ ಮತ್ತು ಸ್ಟೈಲ್‌ಓನ್‌ಸ್ಕೇಲ್, ಕನಿಷ್ಠ 0, ಗರಿಷ್ಠ 1, ಎಕ್ಸ್‌ಶಿಫ್ಟ್ 0, ಝಡ್‌ಆರ್ಡರ್ (ಯಾವುದು ಮುಂದೆ, ಯಾವುದು ಹಿಂದೆ ಎಂಬ ಕ್ರಮ) -1. ಕೊನೆಯ ಆ -1 ಬಿಟ್ಟರೆ ಬಣ್ಣ ಕ್ಯಾಂಡಲ್‌ಗಳನ್ನೇ ಮುಚ್ಚಿಬಿಡಬಹುದು.