ಅಜ್ಜಿಯ ಚಹಾದ ಹಾಲಿನಿಂದ ಶುರು ಮಾಡಿ

ನಮಸ್ಕಾರ. ಗದಗಿನ ಹಿರಿಯರಿಗೆ ಊಟದಿಂದ ಎಷ್ಟು ವಿಟಮಿನ್ ಸಿಗುತ್ತದೆ ಅಂತ ತಿಳಿಯಲು ಪ್ರಶ್ನಾವಳಿ ಹಿಡಿದು ಮನೆಮನೆಗೆ ಹೋಗಿ ಬರೆದ ನಿಮ್ಮ ಲೇಖನವನ್ನು ಎರಡು ಸಲ ಓದಿದೆ. ಈಗ ಇದ್ದ ಹಾಗೆ ಹಾಕಲು ಆಗುವುದಿಲ್ಲ. ಆದರೆ ಬಿಟ್ಟುಬಿಡಬೇಡಿ, ಇದರೊಳಗೆ ಒಳ್ಳೆಯ ಲೇಖನವಿದೆ.

ಮೊದಲ ಎರಡು ಪುಟ ತೆಗೆಯಿರಿ. ವಿಟಮಿನ್‌ಗಳ ಪರಿಚಯ ಶಾಲೆಯ ಪುಸ್ತಕದಲ್ಲೇ ಸಿಗುತ್ತದೆ, ಅಲ್ವಾ? ಮೂರನೇ ಪುಟದಲ್ಲಿ ಸುಮ್ನೆ ಒಂದು ಸಾಲು ಬರೆದು ಮುಂದೆ ಹೋಗಿದ್ದೀರಿ. ‘ದಿನಾ ಹಾಲು ಕುಡಿತೀನ್ರಿ’ ಅಂದ ಅಜ್ಜಿ, ಆಮೇಲೆ ಸೊಸೆ ಒಳಗಿನಿಂದ ಬಂದು ಅದು ಎರಡು ಕಪ್ ಚಹಾಕ್ಕೆ ಹಾಕುವ ಹಾಲು ಅಷ್ಟೇ ಅಂತ ಹೇಳಿದ್ದು. ಇಡೀ ವಿಷಯ ಅಲ್ಲೇ ಇದೆ. ಅಜ್ಜಿ ಸುಳ್ಳು ಹೇಳಲಿಲ್ಲ. ನಿಮ್ಮ ಹಾಳೆ ‘ಎಷ್ಟು ಸಲ’ ಅಂತ ಕೇಳಿತು, ‘ಎಷ್ಟು’ ಅಂತ ಕೇಳಲಿಲ್ಲ. ಮೊಟ್ಟೆ, ಮಾಂಸ ತಿನ್ನದವರಿಗೆ ಊಟದಲ್ಲಿ ವಿಟಮಿನ್ ಬಿ12 ಸಿಗುವುದು ಹೆಚ್ಚುಕಡಿಮೆ ಹಾಲು, ಮೊಸರು, ಮಜ್ಜಿಗೆಯಿಂದಲೇ. ಒಂದು ಲೋಟ ಹಾಲಿಗೂ ಚಹಾದ ಹಾಲಿಗೂ ಒಂದೇ ಗುರುತು ಹಾಕಿದರೆ ಲೆಕ್ಕ ಎಲ್ಲಿ ನಿಲ್ಲುತ್ತದೆ?

ಈ ಅಳತೆ ಬಗ್ಗೆ ಜಾಸ್ತಿ ಬರೆಯಿರಿ. ಅವರದೇ ವಾಟಗ, ಅವರದೇ ತಂಬಿಗೆ ಮುಂದಿಟ್ಟುಕೊಂಡು ಕೇಳಬೇಕು, ಅದರಲ್ಲಿ ಎಷ್ಟು ಹಿಡಿಯುತ್ತದೆ ಅಂತ ನೀರು ಹಾಕಿ ನೋಡಬೇಕು. ಹಲ್ಲಿಲ್ಲದ ಅಜ್ಜ ಖಡಕ್ ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ತಿಂದರೆ ಆ ಹಾಲನ್ನೂ ಬರೆದುಕೊಳ್ಳಬೇಕು. ‘ಸೊಪ್ಪು ತಿನ್ನುತ್ತೀರಾ’ ಅಂತ ಒಂದೇ ಮಾತು ಕೇಳಿದ್ದೀರಿ. ಹಕ್ಕರಕಿ, ಪುಂಡಿಪಲ್ಲೆ, ಮೆಂತೆ, ರಾಜಗಿರಿ ಅಂತ ಹೆಸರು ಹಿಡಿದು ಕೇಳಿ ನೋಡಿ, ಒಂದೊಂದೇ ನೆನಪಾಗುತ್ತದೆ. ಹಕ್ಕರಕಿಯನ್ನು ರೊಟ್ಟಿ ಜೊತೆ ಹಸಿಯಾಗಿಯೇ ತಿನ್ನುತ್ತಾರೆ, ಪುಂಡಿಪಲ್ಲೆಯನ್ನು ಬೇಯಿಸುತ್ತಾರೆ, ಬೇಯಿಸಿದಾಗ ವಿಟಮಿನ್ ಸಿ ಮತ್ತು ಫೋಲೇಟ್ ಅನ್ನುವ ಇನ್ನೊಂದು ವಿಟಮಿನ್ ಒಂದಿಷ್ಟು ಹಾಳಾಗುತ್ತವೆ. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆಯ 2017ರ ಕೋಷ್ಟಕ, ಅಂದರೆ ಯಾವ ಆಹಾರದಲ್ಲಿ ಯಾವ ಪೋಷಕಾಂಶ ಎಷ್ಟಿದೆ ಅನ್ನುವ ಪಟ್ಟಿ, ಬಳಸಿದ್ದೇನೆ ಅಂದಿದ್ದೀರಿ. ಅದರಲ್ಲಿ 528 ಆಹಾರಗಳಿವೆ, ಹೆಚ್ಚಿನವು ಹಸಿ ಪದಾರ್ಥದ ಲೆಕ್ಕ. ಬೇಯಿಸಿದ ಪಲ್ಲೆಗೂ ಅದನ್ನೇ ಹಾಕಿದಿರಾ? ಓದುಗರಿಗೆ ಹೇಳಲೇಬೇಕು.

ಒಂದೇ ದಿನ ‘ನಿನ್ನೆ ಏನು ಉಂಡಿರಿ’ ಅಂತ ಕೇಳಿ ವರ್ಷದ ಮಾತು ಆಡಬೇಡಿ. ಎಳ್ಳಮಾವಾಸ್ಯೆಯ ಮರುದಿನ ಹೋದರೆ ಒಂದು ಉತ್ತರ ಸಿಗುತ್ತದೆ, ಶ್ರಾವಣ ಸೋಮವಾರದ ಮರುದಿನ ಇನ್ನೊಂದು.

ಕೊನೆಯ ಪುಟವನ್ನು ಮಾತ್ರ ನಾನು ಒಪ್ಪುವುದಿಲ್ಲ. ‘ಇವರಿಗೆ ಬಿ12 ಕೊರತೆಯಿಲ್ಲ’ ಅಂತ ಬರೆದಿದ್ದೀರಿ. ಪ್ರಶ್ನಾವಳಿಯಿಂದ ಗೊತ್ತಾಗುವುದು ಬಾಯಿಗೆ ಹೋದದ್ದು, ಮೈಗೆ ಹತ್ತಿದ್ದಲ್ಲ. ನಮ್ಮ ಅವ್ವ ಎರಡು ಹೊತ್ತೂ ಮೊಸರು ಉಣ್ಣುವವಳು. ಆದರೂ ಕಾಲು ಜೋಮು ಹಿಡಿಯುತ್ತದೆ ಅಂತ ರಕ್ತ ಪರೀಕ್ಷೆ ಮಾಡಿಸಿದಾಗ ಬಿ12 ತೀರಾ ಕಡಿಮೆ ಇತ್ತು. ಆಹಾರದಿಂದ ಬಿ12 ಬಿಡಿಸಿಕೊಳ್ಳಲು ಹೊಟ್ಟೆಯ ಆಮ್ಲ ಬೇಕು, ವಯಸ್ಸಾದ ಎಷ್ಟೋ ಜನರಲ್ಲಿ ಅದು ಕಡಿಮೆಯಾಗಿರುತ್ತದೆ. ಸಕ್ಕರೆ ಕಾಯಿಲೆಗೆ ವರ್ಷಗಟ್ಟಲೆ ಮೆಟ್‌ಫಾರ್ಮಿನ್ ನುಂಗುವವರಲ್ಲೂ ಬಿ12 ಇಳಿಯಬಹುದು. ಯಾವ ಗುಳಿಗೆ ತೆಗೆದುಕೊಳ್ಳುತ್ತೀರಿ ಅಂತ ನೀವು ಯಾರನ್ನೂ ಕೇಳಿಲ್ಲ. ವಿಟಮಿನ್ ಡಿ ಬಗ್ಗೆ ಬರೆದದ್ದನ್ನೂ ತೆಗೆಯಿರಿ, ಅದು ಬಿಸಿಲಿನಿಂದ ಬರುವುದೇ ಹೆಚ್ಚು.

ಆ ಸೊಸೆಯ ಹತ್ತಿರ ಇನ್ನೊಮ್ಮೆ ಹೋಗಿ. ಅಡುಗೆ ಮಾಡಿ ಬಡಿಸುವವರು ಅವರು, ತಾಟಿನಲ್ಲಿ ಏನು ಉಳಿಯಿತು ಅನ್ನುವುದೂ ಅವರಿಗೇ ಗೊತ್ತು. ಅವರನ್ನು ಕೂರಿಸಿ ಮಾತಾಡಿಸಿ, ಹೊಸದಾಗಿ ಬರೆದು ಯುಗಾದಿಯೊಳಗೆ ಕಳಿಸಿ. ನಾನು ಕಾಯುತ್ತಿರುತ್ತೇನೆ.