ಹಾಸ್ಟೆಲಿನ ಮೊದಲ ಹದಿನೈದು ದಿನ: ನಿಮ್ಮ ಪ್ರಶ್ನೆ, ಬಲ್ಲವರ ಉತ್ತರ

ವಿಶ್ವವಿದ್ಯಾಲಯದ ಹಾಸ್ಟೆಲುಗಳಲ್ಲಿ ಹೊಸಬರನ್ನು ಬರಮಾಡಿಕೊಳ್ಳುವುದರ ಬಗ್ಗೆ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಇಲ್ಲಿ ಆಯ್ದಿದ್ದೇವೆ. ಉತ್ತರ ಕೊಟ್ಟವರು ಹಾಸ್ಟೆಲ್ ನಿರ್ವಹಣೆ, ಮೆಸ್ ಮತ್ತು ವಿದ್ಯಾರ್ಥಿ ಕ್ಷೇಮದ ಕೆಲಸದಲ್ಲಿರುವವರು.

ನಮ್ಮ ಸ್ನಾತಕೋತ್ತರ ವಿದ್ಯಾರ್ಥಿನಿಯರ ಹಾಸ್ಟೆಲಿಗೆ ಈ ಸಲ 110 ಹೊಸಬರು. ಪ್ರತಿ ವರ್ಷ ದೀಪ ಬೆಳಗಿಸಿ, ನಾಲ್ಕು ಭಾಷಣ ಮಾಡಿಸಿ, ನಿಯಮ ಓದಿ ಕಳಿಸುತ್ತೇವೆ. ಮಾರನೇ ದಿನ ‘ಬಿಸಿನೀರು ಎಲ್ಲಿ ಬರ್ತದೆ ಮೇಡಂ’ ಅಂತ ಸಾಲು ನಿಲ್ಲುತ್ತಾರೆ. ಬೇರೆ ದಾರಿ ಇದೆಯೇ? (ಉಪವಾರ್ಡನ್, ಕಲಬುರಗಿ)

ಭಾಷಣ ಬಿಡಬೇಕಿಲ್ಲ, ಮುಂದಕ್ಕೆ ಹಾಕಿ. ಬಂದ ದಿನ ಸಂಜೆ ಯಾರ ತಲೆಗೂ ನಿಯಮ ಹತ್ತುವುದಿಲ್ಲ. ಟ್ರಂಕು ಎಲ್ಲಿಡುವುದು, ಪಕ್ಕದ ಮಂಚದವಳು ಹೇಗೋ ಏನೋ ಎನ್ನುವುದರಲ್ಲೇ ಮನಸ್ಸು ಇರುತ್ತದೆ. ಆ ಸಂಜೆಗೆ ಕಟ್ಟಡ ಗೊತ್ತಾದರೆ, ಐದಾರು ಮುಖ ಗೊತ್ತಾದರೆ ಸಾಕು.

ಆರಾರು ಜನರ ಗುಂಪು ಮಾಡಿ. ಈ ಲೆಕ್ಕ ನಮ್ಮ ಕಲ್ಪನೆಯಲ್ಲ. ಆರು ಹೊಸಬರಿಗೆ ಒಬ್ಬ ಹಿರಿಯ ವಿದ್ಯಾರ್ಥಿ ಮಾರ್ಗದರ್ಶಕರಾಗಿರಬೇಕು ಎಂದು ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2009ರ ರ‍್ಯಾಗಿಂಗ್ ತಡೆ ನಿಯಮಾವಳಿಯೇ ಹೇಳುತ್ತದೆ. ಬಹಳ ಹಾಸ್ಟೆಲುಗಳಲ್ಲಿ ಅದು ಫೈಲಿನಲ್ಲೇ ಉಳಿದಿದೆ. ನಿಮಗೆ 19 ಗುಂಪಾಗುತ್ತವೆ. 19 ಹಿರಿಯರ ಜೊತೆ ಮೂವರನ್ನು ಬದಲಿಗೆ ಇಟ್ಟುಕೊಳ್ಳಿ, ಏಕೆಂದರೆ ಆ ದಿನ ಒಬ್ಬಿಬ್ಬರು ಊರಿಂದ ಬಂದೇ ಇರುವುದಿಲ್ಲ. ಗುಂಪನ್ನು ವಿಭಾಗದ ಮೇಲಾಗಲಿ ಜಿಲ್ಲೆಯ ಮೇಲಾಗಲಿ ಕಟ್ಟಬೇಡಿ. ವಿಭಾಗದವರು ಕ್ಲಾಸಿನಲ್ಲಿ ಸಿಕ್ಕೇ ಸಿಗುತ್ತಾರೆ, ಜಿಲ್ಲೆಯವರು ಹುಡುಕಿಕೊಂಡು ಸೇರುತ್ತಾರೆ. ಅಕ್ಕಪಕ್ಕದ ಎರಡು ಮೂರು ಕೋಣೆಗಳವರನ್ನು ಒಟ್ಟಿಗೆ ಹಾಕಿ. ರಾತ್ರಿ ಹನ್ನೊಂದಕ್ಕೆ ಜ್ವರ ಬಂದಾಗ ಬಾಗಿಲು ಬಡಿಯುವುದು ಪಕ್ಕದ ಕೋಣೆಯದನ್ನೇ.

ಸುತ್ತಾಟಕ್ಕೆ 40 ನಿಮಿಷ ಬೇಕು. ತೋರಿಸಬೇಕಾದವು: ಕುಡಿಯುವ ನೀರು, ಬಿಸಿನೀರು ಬರುವ ಸ್ನಾನದ ಮನೆ ಮತ್ತು ಅದರ ಹೊತ್ತು, ಬಟ್ಟೆ ಒಣಗಿಸುವ ಜಾಗ, ಪ್ಯಾಡ್ ಹಾಕುವ ಬುಟ್ಟಿ, ಮೆಸ್, ಹೊರಹೋಗುವ ರಿಜಿಸ್ಟರು, ಬೆಂಕಿ ಆರಿಸುವ ಸಿಲಿಂಡರು, ಹಿಂದಿನ ಮೆಟ್ಟಿಲು. ಸಿಲಿಂಡರನ್ನು ಬರೀ ತೋರಿಸಿದರೆ ಸಾಲದು, ಪಿನ್ನು ಎಲ್ಲಿದೆ ಎಂದು ಕೈಯಿಟ್ಟು ನೋಡಲಿ. ಹಿಂದಿನ ಮೆಟ್ಟಿಲ ಬಾಗಿಲಿಗೆ ಬೀಗ ಬಿದ್ದಿದ್ದರೆ ಅದು ನಿಮಗೂ ಅವತ್ತೇ ಗೊತ್ತಾಗುತ್ತದೆ. ಕೆಡುವುದು ಎಲ್ಲಿ ಅಂದರೆ, 19 ಗುಂಪೂ ಮೆಸ್ಸಿನಿಂದಲೇ ಹೊರಟು ಕಾರಿಡಾರಿನಲ್ಲಿ ಸಿಕ್ಕಿಹಾಕಿಕೊಳ್ಳುವುದು. ನಾಲ್ಕು ಬೇರೆ ಬೇರೆ ಜಾಗದಿಂದ ಹೊರಡಿಸಿ.

ಕೊನೆಗೆ ಅರ್ಧ ಹಾಳೆಯ ಒಂದು ಚೀಟಿ ಕೊಡಿ: ವಾರ್ಡನ್, ಉಪವಾರ್ಡನ್, ಗೇಟಿನ ನಂಬರು, ತುರ್ತಿಗೆ 112, ಆಂಬುಲೆನ್ಸಿಗೆ 108, ರ‍್ಯಾಗಿಂಗ್ ದೂರಿಗೆ 1800-180-5522, ಮನಸ್ಸು ಕುಸಿದಾಗ ಮಾತಾಡಲು ಟೆಲಿ ಮಾನಸ್ 14416. ವಾಟ್ಸಾಪಿನಲ್ಲಿ ಕಳಿಸಿದರೆ ಎರಡು ದಿನಕ್ಕೆ ಎಲ್ಲೋ ಮೇಲೆ ಹೋಗಿರುತ್ತದೆ. ಕಪಾಟಿನ ಬಾಗಿಲ ಒಳಗೆ ಅಂಟಿಸುವಂತೆ ಕಾಗದದಲ್ಲೇ ಇರಲಿ.

ಆಮೇಲೆ ಆಟ. ನಾಲ್ಕು ಸಾಲು ನಾಲ್ಕು ಕಂಬದ, 16 ಮನೆಯ ಹಾಳೆ ಹಂಚಿ. ಮನೆಗೊಂದು ವಾಕ್ಯ: ‘ರೊಟ್ಟಿ ತಟ್ಟಲು ಬರುತ್ತದೆ’, ‘ಈಜು ಗೊತ್ತು’, ‘ಇದುವರೆಗೆ ಹಾಸ್ಟೆಲಿನಲ್ಲಿ ಇದ್ದಿಲ್ಲ’, ‘ಬೆಳಿಗ್ಗೆ ಐದಕ್ಕೆ ಏಳುತ್ತೇನೆ’. ಅಂಥವರನ್ನು ಹುಡುಕಿ ಹೆಸರು ಬರೆಸಿಕೊಳ್ಳಬೇಕು, ಒಬ್ಬರ ಹೆಸರು ಒಂದೇ ಸಲ. 20 ನಿಮಿಷಕ್ಕೆ ಸೀಟಿ ಊದಿ ನಿಲ್ಲಿಸಿ. ಇನ್ನೂ ಆಡಬೇಕು ಅನ್ನಿಸುವಾಗ ನಿಂತರೇ ಚೆಂದ. ಮನೆತನದ ಹೆಸರು, ತಂದೆಯ ಕೆಲಸ, ಪ್ರವೇಶ ಪರೀಕ್ಷೆಯ ರ‍್ಯಾಂಕು, ಯಾವ ಕೋಟಾ, ಇವು ಹಾಳೆಯಲ್ಲೂ ಬೇಡ, ಹಿರಿಯರ ಬಾಯಲ್ಲೂ ಬೇಡ. ಹಾಸ್ಟೆಲಿನ ಒಳಗೆ ಜಾತಿಯ ಗುಂಪು ಏಳುವುದು ಇಂಥ ಮುಗ್ಧ ಪ್ರಶ್ನೆಗಳಿಂದಲೇ.

ನಿಯಮಗಳನ್ನು ಮೂರನೆಯದೋ ನಾಲ್ಕನೆಯದೋ ದಿನ, 20 ನಿಮಿಷ ಮೀರದಂತೆ ಹೇಳಿ. ಅಷ್ಟು ಹೊತ್ತಿಗೆ ಅವರಿಗೇ ಪ್ರಶ್ನೆಗಳಿರುತ್ತವೆ.

ಸ್ವಾಗತದ ದಿನ ಹೊಸಬರನ್ನು ಒಬ್ಬೊಬ್ಬರಾಗಿ ವೇದಿಕೆಗೆ ಕರೆದು ಹಾಡು, ಡ್ಯಾನ್ಸ್ ಮಾಡಿಸುವುದು ನಮ್ಮಲ್ಲಿ ವಾಡಿಕೆ. ಯಾರೂ ಬೇಜಾರು ಮಾಡಿಕೊಂಡಿಲ್ಲ. ಇದೂ ರ‍್ಯಾಗಿಂಗ್ ಆಗುತ್ತದೆಯೇ? (ಹಾಸ್ಟೆಲ್ ಕಾರ್ಯದರ್ಶಿ, ಧಾರವಾಡ)

ಆಗಬಹುದು. ಸಾಮಾನ್ಯವಾಗಿ ತಾನು ಮಾಡದ ಕೆಲಸವನ್ನು ವಿದ್ಯಾರ್ಥಿಯಿಂದ ಮಾಡಿಸಿ, ಅದರಿಂದ ಅವರಿಗೆ ನಾಚಿಕೆ, ಸಂಕಟ, ಮುಜುಗರ ಆಗಿ ಮನಸ್ಸಿಗೆ ಘಾಸಿಯಾದರೆ ಅದು ರ‍್ಯಾಗಿಂಗ್ ಎನ್ನುತ್ತದೆ 2009ರ ನಿಯಮಾವಳಿ. ‘ಬೇಜಾರು ಮಾಡಿಕೊಂಡಿಲ್ಲ’ ಎಂದು ನಿಮಗೆ ಹೇಗೆ ಗೊತ್ತು? ಇನ್ನೂರು ಜನ ಚಪ್ಪಾಳೆ ತಟ್ಟುತ್ತಿರುವಾಗ ‘ಒಲ್ಲೆ’ ಅನ್ನುವ ಧೈರ್ಯ ಮೂರು ದಿನದ ಹೊಸಬನಿಗೆ ಇರುವುದಿಲ್ಲ.

ಕಾರ್ಯಕ್ರಮ ನಿಲ್ಲಿಸಿ ಅಂತ ಹೇಳುತ್ತಿಲ್ಲ. ಹಿರಿಯರು, ಅಧ್ಯಾಪಕರು ಸೇರಿ ಮೊದಲ ಎರಡು ವಾರದೊಳಗೆ ಸ್ವಾಗತ ಕೂಟ ಮಾಡಿ, ಹೊಸಬರ ಪ್ರತಿಭೆಗೆ ಅವಕಾಶ ಕೊಡಿ ಎಂದು ಅದೇ ನಿಯಮಾವಳಿ ಹೇಳುತ್ತದೆ. ಹೆಸರು ಕೊಡುವ ಪಟ್ಟಿಯನ್ನು ಐದು ದಿನ ಮುಂಚೆ ಕಚೇರಿಯಲ್ಲಿಡಿ, ನಿಮ್ಮ ಕೈಯಲ್ಲಿ ಬೇಡ. ಹಿಂದಿನ ಸಂಜೆ ಮುಚ್ಚಿಬಿಡಿ. ಪಟ್ಟಿಯಲ್ಲಿ ಇಲ್ಲದವರನ್ನು ನಿರೂಪಕರು ಕರೆಯಲೇಬಾರದು, ತಮಾಷೆಗೂ. ಮೊದಲ ಎರಡು ಐಟಂ ಹಿರಿಯರದೇ ಇರಲಿ, ಅವು ಸ್ವಲ್ಪ ಕೆಟ್ಟದಾಗಿದ್ದರೆ ಇನ್ನೂ ಒಳ್ಳೆಯದು. ಹಾಡಲು ಒಲ್ಲದವರಿಗೆ ರಂಗೋಲಿ, ಮೈಕು, ಲೈಟು, ಫೋಟೊ ಎಂದು ಕೆಲಸ ಹಂಚಿ. ಮಾತು ಬಾರದವರು ಕೆಲಸದಲ್ಲಿ ಬೇಗ ಬೆರೆಯುತ್ತಾರೆ.

ಇನ್ನೊಂದು ಮಾತು. ಹಿರಿಯರು ಹೊಸಬರನ್ನು ಸೇರಿಸಿ ಖಾಸಗಿ ವಾಟ್ಸಾಪ್ ಗುಂಪು ಮಾಡಿ ರಾತ್ರಿಯೆಲ್ಲ ‘ಇಂಟ್ರೊ’ ಕೇಳುವುದನ್ನೂ ರ‍್ಯಾಗಿಂಗ್ ಎಂದೇ ನೋಡಿ ಎಂದು ಯುಜಿಸಿ 2025ರಲ್ಲಿ ಸೂಚಿಸಿದೆ. ಗುಂಪು ಬೇಕಾದರೆ ವಾರ್ಡನ್ ಅಡ್ಮಿನ್ ಆಗಿರಲಿ. ತಪ್ಪಿತಸ್ಥರು ಯಾರೆಂದು ಗೊತ್ತಾಗದಿದ್ದರೆ ಸಾಮೂಹಿಕ ಶಿಕ್ಷೆಗೂ ನಿಯಮಾವಳಿಯಲ್ಲಿ ಅವಕಾಶವಿದೆ. ಕಾರ್ಯದರ್ಶಿಯಾದ ನೀವು ಸುಮ್ಮನೆ ಹಿಂದೆ ನಿಂತಿದ್ದೆ ಎಂದರೆ ನಡೆಯುವುದಿಲ್ಲ.

ಸ್ವಾಗತದ ಊಟಕ್ಕೆ 150 ಜನ. ಹೋದ ವರ್ಷ ಪಾಯಸ ಅರ್ಧಕ್ಕೇ ಖಾಲಿ, ಅನ್ನ ಮಾತ್ರ ಎರಡು ಹಂಡೆ ಉಳಿಯಿತು. ಸರಿಯಾದ ಅಳತೆ ಹೇಳಿ. (ಮೆಸ್ ಸಮಿತಿ, ದಾವಣಗೆರೆ)

ಬಡಿಸುವುದು ತಪ್ಪಿದಾಗ ಅಳತೆಯನ್ನು ಬೈಯುತ್ತೇವೆ. ಸಿಹಿಯನ್ನು ತಾವೇ ಹಾಕಿಕೊಳ್ಳಲು ಬಿಟ್ಟರೆ ಮೊದಲ ಐವತ್ತು ಜನ ಎರಡೆರಡು ಲೋಟ ಎತ್ತುತ್ತಾರೆ. ಪಾಯಸ, ಪಲ್ಯ ಇವೆರಡನ್ನು ಕೈಯಿಂದ ಬಡಿಸಿ. ಅನ್ನ, ಸಾರು, ಮಜ್ಜಿಗೆ ತೆರೆದಿರಲಿ.

ದಾವಣಗೆರೆಯಲ್ಲಿ ಎರಡೂ ಕಡೆಯ ಬಾಯಿ ಇರುತ್ತದೆ, ಆದ್ದರಿಂದ ರೊಟ್ಟಿಯೂ ಅನ್ನವೂ ಎಂದು ಲೆಕ್ಕ ಹಾಕಿದ್ದೇವೆ. ಕಡಕ್ ಜೋಳದ ರೊಟ್ಟಿ 250 ಸಾಕು. ಉತ್ತರ ಕರ್ನಾಟಕದವರು ಎರಡು ಮೂರು ತಿಂದರೆ ಮೈಸೂರು ಕಡೆಯವರು ಒಂದಕ್ಕೆ ನಿಲ್ಲಿಸುತ್ತಾರೆ. ಮೆತ್ತನೆ ರೊಟ್ಟಿಯ ಆಸೆ ಬಿಡಿ, 150 ಜನಕ್ಕೆ ಬಿಸಿಯಾಗಿ ತಟ್ಟುವುದು ಮೆಸ್ಸಿನ ಒಲೆಗೆ ಆಗದ ಮಾತು. ಎಣ್ಣೆಗಾಯಿಗೆ ತಲೆಗೆರಡು ಎಳೆ ಬದನೆಯಂತೆ 11ರಿಂದ 12 ಕಿಲೋ. ಆಳದ ಒಂದೇ ಹಂಡೆಯಲ್ಲಿ ಹಾಕಿದರೆ ತಳದ ಬದನೆ ಮೇಲಿನ ಭಾರಕ್ಕೆ ಒಡೆದು ಗೊಜ್ಜಾಗುತ್ತದೆ. ಎರಡು ಅಗಲ ಪಾತ್ರೆಯಲ್ಲಿ ಎರಡು ಪದರ ಮೀರದಂತೆ ಜೋಡಿಸಿ, ಸೌಟು ಆಡಿಸದೆ ಪಾತ್ರೆಯನ್ನೇ ಕುಲುಕಿ.

ಅಕ್ಕಿ ತಲೆಗೆ 80 ಗ್ರಾಂ, ಒಟ್ಟು 12 ಕಿಲೋ. ರೊಟ್ಟಿ ಇಲ್ಲದಿದ್ದರೆ 110 ಗ್ರಾಂವರೆಗೆ ಹೋಗಿ. ಒಂದೇ ಸಲ ಮಾಡಬೇಡಿ: 8 ಕಿಲೋ ಮೊದಲು, ಸಾಲು ಅರ್ಧ ಮುಗಿದಾಗ ಪಾತ್ರೆ ನೋಡಿಕೊಂಡು ಉಳಿದ 4. ಸಂಜೆ ನಾಲ್ಕಕ್ಕೇ ಅನ್ನ ಮಾಡಿ ಮುಚ್ಚಿಟ್ಟು ಎಂಟಕ್ಕೆ ಬಡಿಸುವ ಅಭ್ಯಾಸ ಅಪಾಯ. ಬೇಯುವಾಗ ಸಾಯದ ಬ್ಯಾಕ್ಟೀರಿಯಾದ ಬೀಜಕಣಗಳು ಉಗುರುಬೆಚ್ಚಗಿನ ಅನ್ನದಲ್ಲಿ ಬೆಳೆದು ವಿಷ ಬಿಡುತ್ತವೆ, ಮತ್ತೆ ಬಿಸಿ ಮಾಡಿದರೂ ಅದು ಹೋಗುವುದಿಲ್ಲ. ಸಾರು 22 ಲೀಟರ್, ತೊಗರಿಬೇಳೆ 4 ಕಿಲೋ. ಮಜ್ಜಿಗೆಗೆ 7 ಕಿಲೋ ಮೊಸರು. ಕೋಸಂಬರಿಗೆ ಹೆಸರುಬೇಳೆ 2 ಕಿಲೋ. ಉಪ್ಪನ್ನು ಬಡಿಸುವ ಹತ್ತು ನಿಮಿಷ ಮುಂಚೆ ಹಾಕಿ, ಇಲ್ಲದಿದ್ದರೆ ಸೌತೆಕಾಯಿ ನೀರು ಬಿಟ್ಟು ತಟ್ಟೆಯೆಲ್ಲ ಹರಿಯುತ್ತದೆ.

ಶಾವಿಗೆ ಪಾಯಸಕ್ಕೆ 12 ಲೀಟರ್ ಹಾಲು, 1.2 ಕಿಲೋ ಹುರಿದ ಶಾವಿಗೆ, ಒಂದೂಮುಕ್ಕಾಲು ಕಿಲೋ ಸಕ್ಕರೆ. ಅರ್ಧ ಗಂಟೆ ನಿಂತರೆ ಶಾವಿಗೆ ಹಾಲು ಕುಡಿದು ಮುದ್ದೆಯಾಗುತ್ತದೆ, ‘ಖಾಲಿ’ ಅನ್ನಿಸುವುದಕ್ಕೆ ಅದೂ ಕಾರಣ. ಇದರ ಮೇಲೆ 3 ಲೀಟರ್ ಹಾಲನ್ನು ಬೇರೆಯೇ ಬಿಸಿ ಇಟ್ಟುಕೊಂಡು ಆಗಾಗ ಸೇರಿಸಿ. ಸೌಟು 100 ಮಿಲಿಲೀಟರಿನದು, ತಲೆಗೊಂದು.

ಒಂದೇ ಸಾಲಾದರೆ ತಲೆಗೆ ಹತ್ತು ಹನ್ನೆರಡು ಸೆಕೆಂಡಿನಂತೆ ಅರ್ಧ ಗಂಟೆ ಹಿಡಿಯುತ್ತದೆ. ಮೇಜಿನ ಎರಡೂ ಬದಿಗೆ ಸಾಲು ಬಿಟ್ಟರೆ ಹದಿನೈದು ನಿಮಿಷ. ಈರುಳ್ಳಿ ಬೆಳ್ಳುಳ್ಳಿ ತಿನ್ನದವರು, ಶೇಂಗಾ ಆಗದವರು ಎಷ್ಟು ಎಂದು ಪ್ರವೇಶದ ಅರ್ಜಿಯಲ್ಲೇ ಕೇಳಿಡಿ. ಎಣ್ಣೆಗಾಯಿಯಲ್ಲಿ ಶೇಂಗಾ ಇದೆ ಎಂದು ಬೋರ್ಡು ಬರೆಯಿರಿ.

ನಮ್ಮಲ್ಲಿ ಮಣಿಪುರ, ಕೇರಳ, ಬಿಹಾರದ ಹುಡುಗರಿದ್ದಾರೆ. ಕಾರ್ಯಕ್ರಮ ಕನ್ನಡದಲ್ಲಿ ನಡೆದರೆ ಎದ್ದು ಹೋಗುತ್ತಾರೆ, ಇಂಗ್ಲಿಷಿನಲ್ಲಿ ನಡೆಸಿದರೆ ನಮ್ಮವರು ಬಾಯಿ ಬಿಡುವುದಿಲ್ಲ. (ವಿದ್ಯಾರ್ಥಿ, ಮಂಗಳೂರು)

ಮಾತಿನ ಕಾರ್ಯಕ್ರಮ ಕಡಿಮೆ ಮಾಡಿ. ವಾಲಿಬಾಲ್, ಕೇರಂ, ಒಟ್ಟಿಗೆ ಅಡುಗೆ, ಇವಕ್ಕೆ ಭಾಷೆ ಅಷ್ಟು ಬೇಡ. ನಿರೂಪಣೆ ಕನ್ನಡದಲ್ಲಿ, ಪ್ರತಿ ಐಟಂಗೆ ಎರಡು ವಾಕ್ಯ ಇಂಗ್ಲಿಷಿನಲ್ಲಿ ಇದ್ದರೆ ಸಾಕು. ಮೊದಲ ವಾರವೇ ಅರ್ಧ ಗಂಟೆಯ ಕನ್ನಡ ಪಾಠ ಇಡಿ, ಅಕ್ಷರಮಾಲೆಯಿಂದಲ್ಲ, ಗರಜಿನಿಂದ: ‘ಎಷ್ಟಾಯ್ತು’, ‘ಇಲ್ಲಿ ನಿಲ್ಸಿ’, ‘ನೀರು ಬರ್ತಿಲ್ಲ’, ‘ಖಾರ ಕಮ್ಮಿ ಹಾಕಿ’. ಕಲಿಸುವವರು ಅವರದೇ ಕೋಣೆಯ ಕನ್ನಡದ ಹುಡುಗ. ಭಾಷೆ, ಪ್ರದೇಶ, ಜಾತಿಯ ಕಾರಣಕ್ಕೆ ಒಬ್ಬರನ್ನು ಹೊರಗಿಡುವುದನ್ನೂ 2016ರ ತಿದ್ದುಪಡಿ ರ‍್ಯಾಗಿಂಗ್ ಪಟ್ಟಿಗೆ ಸೇರಿಸಿದೆ ಎನ್ನುವುದು ನೆನಪಿರಲಿ.

ಮಗಳು ಆಗಸ್ಟಿನಲ್ಲಿ ಅಮೆರಿಕದ ವಿಶ್ವವಿದ್ಯಾಲಯದ ಹಾಸ್ಟೆಲ್ ಸೇರುತ್ತಾಳೆ. ‘ವೆಲ್ಕಮ್ ವೀಕ್’, ‘ಫ್ಲೋರ್ ಮೀಟಿಂಗ್’, ‘ಆರ್‌ಎ’ ಎಂದೆಲ್ಲ ಪತ್ರ ಬಂದಿದೆ. ಯಾವುದಕ್ಕೆ ಹೋಗಲೇಬೇಕು? (ತಾಯಿ, ಶಿವಮೊಗ್ಗ)

ಆರ್‌ಎ ಎಂದರೆ ಅದೇ ಮಹಡಿಯಲ್ಲಿ ಇರುವ, ಹಾಸ್ಟೆಲ್ ಕಚೇರಿ ನೇಮಿಸಿದ ಹಿರಿಯ ವಿದ್ಯಾರ್ಥಿ. ನಮ್ಮ ವಾರ್ಡನ್‌ನಂತೆ ಅಲ್ಲ, ಹೆದರಬೇಕಿಲ್ಲ. ಅವರು ಕರೆಯುವ ಮೊದಲ ಮಹಡಿ ಸಭೆ ಸಾಮಾನ್ಯವಾಗಿ ಕಡ್ಡಾಯ. ಸದ್ದಿಲ್ಲದ ಹೊತ್ತು, ಅತಿಥಿಗಳು, ಬೆಂಕಿಯ ಅಲಾರಂ ಎಲ್ಲ ಅಲ್ಲೇ ಹೇಳುತ್ತಾರೆ. ಅಂತರರಾಷ್ಟ್ರೀಯ ವಿದ್ಯಾರ್ಥಿಗಳ ಓರಿಯೆಂಟೇಷನ್ ಬೇರೆ, ಅದನ್ನು ತಪ್ಪಿಸಬಾರದು. ಎಫ್-1 ಎಂಬ ವಿದ್ಯಾರ್ಥಿ ವೀಸಾದವರ ದಾಖಲೆಯನ್ನು ಕೋರ್ಸ್ ಶುರುವಾಗಿ 30 ದಿನದೊಳಗೆ ವಿಶ್ವವಿದ್ಯಾಲಯ ಸರ್ಕಾರದ ವ್ಯವಸ್ಥೆಯಲ್ಲಿ ನೋಂದಾಯಿಸಬೇಕು. ಪಿಜ್ಜಾ, ಸಿನಿಮಾ ರಾತ್ರಿಗಳು ಅವಳ ಇಷ್ಟ. ದಿನಕ್ಕೊಂದಕ್ಕೆ ಹೋದರೂ ಸಾಕು.

ಕೋಣೆಯವರ ಒಪ್ಪಂದ ಎಂಬ ಫಾರಂ ತುಂಬಿಸುತ್ತಾರೆ: ಮಲಗುವ ಹೊತ್ತು, ಫ್ರಿಜ್ಜು, ಅತಿಥಿ, ಸ್ವಚ್ಛತೆ. ನಮ್ಮ ಮಕ್ಕಳು ಸಂಕೋಚಕ್ಕೆ ಎಲ್ಲಕ್ಕೂ ‘ಪರವಾಗಿಲ್ಲ’ ಎಂದು ಬರೆದು ಅಕ್ಟೋಬರಿನಲ್ಲಿ ಅಳುತ್ತಾರೆ. ರಾತ್ರಿ ಎಷ್ಟಕ್ಕೆ ದೀಪ ಆರಬೇಕು, ಮಾಂಸದ ಪಾತ್ರೆ ಬೇರೆ ಬೇಕೇ ಎಂಬುದನ್ನು ಆಗಲೇ ಬರೆಯಲಿ.

ಊದುಬತ್ತಿ, ಎಣ್ಣೆ ದೀಪ ಬಹುತೇಕ ಎಲ್ಲ ಹಾಸ್ಟೆಲಿನಲ್ಲೂ ನಿಷಿದ್ಧ. ಸ್ವಲ್ಪ ದಿನದಲ್ಲೇ ಗಣೇಶನ ಹಬ್ಬ ಬರುತ್ತದೆ, ಬ್ಯಾಟರಿಯ ದೀಪ ಕಳಿಸಿ. ಸಾಸಿವೆ ಒಗ್ಗರಣೆಯ ಹೊಗೆಗೂ ಅಲಾರಂ ಕೂಗಿ ಕಟ್ಟಡದವರೆಲ್ಲ ಬೀದಿಗೆ ಬರಬೇಕಾಗುತ್ತದೆ, ಹಾಗಾಗಿ ಎಣ್ಣೆ ಹೊಗೆಯಾಡುವ ಮುಂಚೆಯೇ ಸಾಸಿವೆ ಹಾಕಿ, ಮುಚ್ಚಿ, ಮೇಲಿನ ಫ್ಯಾನ್ ಹಚ್ಚಲಿ. ಮತ್ತೆ ನೀವು ನೇರ ಕಚೇರಿಗೆ ಫೋನ್ ಮಾಡಿ ‘ಮಗಳು ಹೇಗಿದ್ದಾಳೆ’ ಎಂದರೆ ಸಾಮಾನ್ಯವಾಗಿ ಉತ್ತರ ಸಿಗುವುದಿಲ್ಲ. ಕಾಲೇಜು ಸೇರಿದ ವಿದ್ಯಾರ್ಥಿಯ ದಾಖಲೆಯ ಹಕ್ಕು ಅಲ್ಲಿನ ಕಾನೂನಿನಂತೆ ವಿದ್ಯಾರ್ಥಿಯದೇ.

ಮೊದಲ ವಾರ ಜಾತ್ರೆಯಂತಿರುತ್ತದೆ, ಮೂರನೇ ವಾರ ಯಾರೂ ಕೋಣೆಯಿಂದ ಹೊರಬರುವುದಿಲ್ಲ. (ವಾರ್ಡನ್, ಹಾಸನ)

ದೊಡ್ಡದನ್ನೆಲ್ಲ ಮೊದಲ ವಾರಕ್ಕೇ ಸುರಿಯಬೇಡಿ. ಭಾನುವಾರ ಸಂಜೆ ಐದಕ್ಕೆ ಚಹಾ ಮಂಡಕ್ಕಿ, ಬುಧವಾರ ಆಟ, ಹೀಗೆ ಚಿಕ್ಕದೊಂದು ತಪ್ಪದೆ ನಡೆಯಲಿ, ನಾಲ್ಕೇ ಜನ ಬಂದರೂ. ಹತ್ತಿರದ ಊರಿನವರು ಶನಿವಾರ ಬಸ್ ಹತ್ತುತ್ತಾರೆ. ಉಳಿದುಹೋಗುವವರಿಗೇ ಭಾನುವಾರ ಉದ್ದ. ಕುಗ್ಗಿದವರನ್ನು ಪತ್ತೆ ಹಚ್ಚಲು ಮೆಸ್ ರಿಜಿಸ್ಟರಿಗಿಂತ ಒಳ್ಳೆಯ ದಾಖಲೆ ಇಲ್ಲ. ರಜಾಚೀಟಿ ಇಲ್ಲದೆ ಎರಡು ದಿನ ಊಟಕ್ಕೆ ಬಾರದವರ ಪಟ್ಟಿಯನ್ನು ಮೆಸ್ ಗುಮಾಸ್ತರು ರಾತ್ರಿ ಒಂಬತ್ತಕ್ಕೆ ನಿಮಗೆ ಕೊಡಲಿ, ಅವರ ಆರು ಜನರ ಗುಂಪಿನ ಹಿರಿಯ ವಿದ್ಯಾರ್ಥಿ ಅವತ್ತೇ ಬಾಗಿಲು ತಟ್ಟಲಿ. ‘ಯಾಕೆ ಬರಲಿಲ್ಲ’ ಎಂದು ವಿಚಾರಣೆ ಬೇಡ, ‘ಬಾ, ಚಹಾ ಕುಡಿದು ಬರೋಣ’ ಸಾಕು. ಸಾಯುವ ಮಾತು ಬಂದರೆ ಗುಟ್ಟಾಗಿಡದೆ ಆ ಕ್ಷಣವೇ ನಿಮಗೆ ಹೇಳಬೇಕು, ಅವರನ್ನು ಒಂಟಿಯಾಗಿ ಬಿಡಬಾರದು ಎಂದು ಹಿರಿಯರಿಗೆ ಮೊದಲೇ ತಿಳಿಸಿಡಿ.

ಡಿಜೆ ಎಷ್ಟು ಹೊತ್ತಿನವರೆಗೆ ಹಾಕಬಹುದು? (ವಿದ್ಯಾರ್ಥಿ, ತುಮಕೂರು)

ಬಯಲಿನಲ್ಲಿ ರಾತ್ರಿ 10ಕ್ಕೆ ಬಂದ್. 2000ದ ಶಬ್ದಮಾಲಿನ್ಯ ನಿಯಮದ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಹಾಕುವಂತಿಲ್ಲ, ಹಗಲಿನಲ್ಲೂ ಲಿಖಿತ ಅನುಮತಿ ಬೇಕು. ಒಂಬತ್ತೂವರೆಗೆ ಕೊನೆಯ ಹಾಡು ಹಾಕಿ. ಸಾಮಾನು ಕಟ್ಟಲು ಅರ್ಧ ಗಂಟೆ ಬೇಕೇ ಬೇಕು.