ಕಂಪ್ಯೂಟರಿನಲ್ಲಿದ್ದ ಬಣ್ಣ ವೆಬ್‌ಗೆ ಹಾಕಿದ ಮೇಲೆ ಎಲ್ಲಿ ಹೋಯ್ತು?

ಪ್ರಶ್ನೆ: ಸರ್, ನಾನು ಬೀದರ್‌ನಲ್ಲಿ ಬಿಸಿಎ ಓದುತ್ತಿದ್ದೇನೆ. 1472ರ ಮಹಮೂದ್ ಗವಾನ್ ಮದರಸಾದ ಬಗ್ಗೆ ಕನ್ನಡದಲ್ಲಿ ಒಂದು ವೆಬ್ ಪೇಜ್ ಮಾಡಿದೆ. ಕಾಲೇಜಿನ ವಿಂಡೋಸ್ ಕಂಪ್ಯೂಟರಿನಲ್ಲಿ ಚೆನ್ನಾಗಿತ್ತು. ವೆಬ್ ಪೇಜ್‌ಗಳನ್ನು ಇಂಟರ್ನೆಟ್ಟಿನಲ್ಲಿ ಇಡುವ ಗಿಟ್‌ಹಬ್ ಪೇಜಸ್‌ಗೆ ಹಾಕಿದ ಮೇಲೆ ಬಣ್ಣ, ಫಾಂಟ್ ಏನೂ ಇಲ್ಲ, ಬರೀ ಕಪ್ಪು ಅಕ್ಷರ. ಬೂಟ್‌ಸ್ಟ್ರ್ಯಾಪ್ (ಸಿದ್ಧ ವಿನ್ಯಾಸದ ಕೋಡ್) ಹಾಕು, ಸರಿಹೋಗುತ್ತದೆ ಅಂತ ಗೆಳತಿಯರು ಹೇಳುತ್ತಾರೆ. ಹಾಕಲಾ? ಕೋಡ್ ಜೊತೆಗೆ ಕಳಿಸಿದ್ದೇನೆ.

ಉತ್ತರ: ಈಗಲೇ ಬೇಡ ತಂಗಿ. ನಿನ್ನ ಸಿಎಸ್‌ಎಸ್ (ಬಣ್ಣ, ಫಾಂಟ್ ಹೇಗಿರಬೇಕು ಅಂತ ಹೇಳುವ ಕೋಡ್) ಸರಿಯಾಗಿಯೇ ಇದೆ, ಆದರೆ ಬ್ರೌಸರಿಗೆ ಆ ಫೈಲೇ ಸಿಕ್ಕಿಲ್ಲ. ಫೈಲಿನ ಹೆಸರು ಕ್ಯಾಪಿಟಲ್ ಎಸ್‌ನಿಂದ ಶುರುವಾಗುತ್ತದೆ, ಅದನ್ನು ಪೇಜಿಗೆ ಜೋಡಿಸುವ ಲಿಂಕ್ ಟ್ಯಾಗಿನಲ್ಲಿ ಸ್ಮಾಲ್ ಎಸ್ ಬರೆದಿದ್ದೀಯ. ವಿಂಡೋಸ್ ಎರಡನ್ನೂ ಒಂದೇ ಅಂದುಕೊಳ್ಳುತ್ತದೆ, ಗಿಟ್‌ಹಬ್ ಪೇಜಸ್ ಹಾಗಲ್ಲ. ಇನ್ನು ಮುಂದೆ ಫೈಲಿನ ಹೆಸರೆಲ್ಲ ಸ್ಮಾಲ್ ಅಕ್ಷರದಲ್ಲೇ ಇಡು, ನಡುವೆ ಜಾಗ ಬಿಡಬೇಡ.

ಇದನ್ನು ನೀನೇ ಹೇಗೆ ಕಂಡುಹಿಡಿಯಬೇಕು ಅನ್ನೋದು ಇನ್ನೂ ಮುಖ್ಯ. ಸಿಎಸ್‌ಎಸ್‌ನಲ್ಲಿ ಸ್ಪೆಲ್ಲಿಂಗ್ ತಪ್ಪಿದರೂ, ಫೈಲೇ ಸಿಗದಿದ್ದರೂ ಪೇಜಿನ ಮೇಲೆ ಯಾವ ಎಚ್ಚರಿಕೆಯೂ ಬರೋದಿಲ್ಲ, ಬ್ರೌಸರ್ ಅದನ್ನು ಸುಮ್ನೆ ಬಿಟ್ಟು ಮುಂದೆ ಹೋಗುತ್ತದೆ. ಅದಕ್ಕೇ ಕಲಿಯುವವರು ತಾಸುಗಟ್ಟಲೆ ತಲೆ ಕೆಡಿಸಿಕೊಳ್ಳುತ್ತಾರೆ. ಎಫ್12 ಒತ್ತು, ನೆಟ್‌ವರ್ಕ್ ಟ್ಯಾಬ್ ತೆರೆದು ಪೇಜನ್ನು ರಿಫ್ರೆಶ್ ಮಾಡು, ಸಿಗದ ಫೈಲಿನ ಎದುರು ಕೆಂಪಗೆ 404 ಅಂತ ಬರುತ್ತದೆ. ಫೈಲ್ ಬಂದೂ ಬಣ್ಣ ಬರಲಿಲ್ಲ ಅಂದರೆ ಆ ಹೆಡ್ಡಿಂಗ್ ಮೇಲೆ ರೈಟ್ ಕ್ಲಿಕ್ ಮಾಡಿ ಇನ್‌ಸ್ಪೆಕ್ಟ್ ಒತ್ತು. ನೀನು ಬರೆದ ಸಾಲಿನ ಮೇಲೆ ಗೆರೆ ಎಳೆದಿದ್ದರೆ ಒಂದೋ ಸ್ಪೆಲ್ಲಿಂಗ್ ತಪ್ಪಿದೆ, ಇಲ್ಲ ಬೇರೆ ರೂಲ್ ಅದನ್ನು ಹಿಂದೆ ಹಾಕಿದೆ. ಟ್ಯಾಗಿಗೆ ಬರೆದದ್ದಕ್ಕಿಂತ ಕ್ಲಾಸಿಗೆ (ಹಲವು ಟ್ಯಾಗುಗಳಿಗೆ ಕೊಡಬಹುದಾದ ಹೆಸರು) ಬರೆದದ್ದು ಜೋರು, ಅದಕ್ಕಿಂತ ಐಡಿಗೆ (ಒಂದೇ ಟ್ಯಾಗಿಗೆ ಕೊಡುವ ಹೆಸರು) ಬರೆದದ್ದು ಜೋರು. ಸಮ ಇದ್ದರೆ ಕೊನೆಗೆ ಬಂದದ್ದೇ ನಡೆಯುತ್ತದೆ. ಇದು ಗೊತ್ತಿಲ್ಲದೆ ಎಲ್ಲ ಸಾಲಿಗೂ ಇಂಪಾರ್ಟೆಂಟ್ (ಬೇರೆ ರೂಲ್‌ಗಳನ್ನು ಮೀರಿಸುವ ಪದ) ಅಂತ ಸೇರಿಸುವ ಮಕ್ಕಳನ್ನು ನೋಡಿದರೆ ನನಗೆ ನಿಜಕ್ಕೂ ಬೇಜಾರಾಗುತ್ತದೆ, ಆಮೇಲೆ ಒಂದು ಬಣ್ಣ ಬದಲಿಸೋಕೂ ಒದ್ದಾಡಬೇಕು.

ಕನ್ನಡದ ಪೇಜ್ ಅಂದಮೇಲೆ ಒತ್ತಕ್ಷರದ ಕಡೆ ಗಮನ ಇರಲಿ. ಲೈನ್ ಹೈಟ್ 1 ಇಟ್ಟಿದ್ದೀಯ, ಹಾಗಾಗಿ ಒತ್ತುಗಳು ಕೆಳಗಿನ ಸಾಲಿಗೆ ತಾಗುತ್ತವೆ. 1.7 ಮಾಡಿ ನೋಡು. ಅಕ್ಷರಗಳ ನಡುವಿನ ಅಂತರ ಹೆಚ್ಚಿಸುವ ಲೆಟರ್ ಸ್ಪೇಸಿಂಗ್ ತೆಗೆದುಬಿಡು, ಕನ್ನಡಕ್ಕೆ ಅದು ಚೆಂದ ಕಾಣೋದಿಲ್ಲ. ನೋಟೊ ಸ್ಯಾನ್ಸ್ ಕನ್ನಡ ಫಾಂಟ್ ಗೂಗಲ್ ಫಾಂಟ್ಸ್‌ನಲ್ಲಿ ಪುಕ್ಕಟೆ ಸಿಗುತ್ತದೆ. ಹೆಡ್ ಭಾಗದಲ್ಲಿ ಕನ್ನಡ ಅಕ್ಷರ ಸರಿಯಾಗಿ ಬರಲು ಬೇಕಾದ ಯುಟಿಎಫ್-8 ಸಾಲು ಇದೆ, ಪೇಜನ್ನು ಪರದೆಯ ಅಗಲಕ್ಕೆ ಹೊಂದಿಸುವ ವ್ಯೂಪೋರ್ಟ್ ಸಾಲು ಇಲ್ಲ. ಅದನ್ನೂ ಸೇರಿಸು, ಇಲ್ಲದಿದ್ದರೆ ಮೊಬೈಲಿನಲ್ಲಿ ಅಕ್ಷರ ತೀರಾ ಸಣ್ಣಗೆ ಕಾಣುತ್ತದೆ.

ಮದರಸಾದ ಗೋಡೆಯಲ್ಲಿ ಉಳಿದಿರುವ ಟೈಲ್ಸಿನ ನೀಲಿಯನ್ನೇ ಹೆಡ್ಡಿಂಗಿಗೆ ಆರಿಸಿದ್ದೀಯ, ಬಹಳ ಇಷ್ಟವಾಯ್ತು. ಆದರೆ ಕಪ್ಪು ಹಿನ್ನೆಲೆ ಮೇಲೆ ಆ ಗಾಢ ನೀಲಿ ಓದೋಕಾಗೋದಿಲ್ಲ, ಹಿನ್ನೆಲೆಯನ್ನು ತಿಳಿ ಬಣ್ಣಕ್ಕೆ ಬದಲಿಸು. ಇಂಥ ಎರಡು ಮೂರು ಪೇಜ್ ಕೈಯಾರೆ ಬರೆದ ಮೇಲೆ ಬೂಟ್‌ಸ್ಟ್ರ್ಯಾಪ್ ಖಂಡಿತ ಕಲಿ.